ಬೀಳಗಿಯಲ್ಲಿ ದೊಡ್ಡಪ್ಪ ತಿಂದ ಬ್ರೆಡ್ಡು

2024ರ ಅಕ್ಟೋಬರ್ 20, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ನನ್ನ ದಿನಚರಿಯ ಆ ಪುಟ ಹೀಗೆ ಶುರುವಾಗುತ್ತದೆ: 'ಬೀಳಗಿಗೆ ಹೊರಟೆವು. ನಾಲ್ಕನೆಯ ಮನೆ. ಮೋಡ ಇದೆ, ಮಳೆ ಇಲ್ಲ.'

ಆ ಪುಟವನ್ನು ಮತ್ತೆ ತೆಗೆದದ್ದು ಈ ವರ್ಷ ದಸರೆ ಕಳೆದ ಮೇಲೆ. ಅವ್ವ ಗೋಧಿ ಹುಗ್ಗಿಗೆ ಇಟ್ಟಿದ್ದಳು. ಗೋಧಿ ಬೆಂದು ಬೆಲ್ಲ ಬೀಳುವ ಹೊತ್ತಿಗೆ ಹಬೆ ಪಡಸಾಲೆಗೆ ಬಂತು. ಅಲ್ಲಿ ಪೇಪರ್ ಓದುತ್ತ ಕೂತಿದ್ದ ದೊಡ್ಡಪ್ಪ ಮೂಗು ಏರಿಸಿದರು, ಪೇಪರ್ ಮಡಚಿದರು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಾನು ಹೋಗಿ ದಿನಚರಿ ತೆಗೆದೆ. ನಮ್ಮ ಮನೆಯಲ್ಲಿ ಈಗ ಹುಗ್ಗಿಯ ವಾಸನೆ ಬರೀ ಹುಗ್ಗಿಯ ವಾಸನೆಯಾಗಿ ಉಳಿದಿಲ್ಲ.

ನಾವು ಬನಹಟ್ಟಿಯವರು. ಮನೆಯ ಹಿಂದಿನ ಶೆಡ್ಡಿನಲ್ಲಿ ಪವರ್‌ಲೂಮ್ ಇವೆ, ಸೀರೆ ನೇಯುತ್ತೇವೆ. ಅಪ್ಪ ತೀರಿಕೊಂಡಾಗ ನಾನು ಮೂರನೆಯ ತರಗತಿಯಲ್ಲಿದ್ದೆ. ಅಂದಿನಿಂದ ಮನೆಯ ಹಿರಿಯರು ದೊಡ್ಡಪ್ಪ. ಅವರಿಗೆ ಮಕ್ಕಳಿಲ್ಲ. ಅಕ್ಕ ಸುಧಾ ರಬಕವಿಯ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅವಳಿಗಾಗಿ ಮೊದಲು ನೋಡಿದ ಮನೆ ಮುಧೋಳದ್ದು, ಅವರು ಬೇಡವೆಂದರು. ಎರಡನೆಯದು ಜಮಖಂಡಿಯದು, ನಾವು ಬೇಡವೆಂದೆವು. ಮೂರನೆಯದು ರನ್ನ ಬೆಳಗಲಿಯದು, ಯಾರೂ ಏನೂ ಅನ್ನದೆ ಹಾಗೇ ನಿಂತುಹೋಯಿತು. ನಾಲ್ಕನೆಯದು ಈ ಬೀಳಗಿಯ ಬೇಕರಿ ಮನೆ. ತಂದವನು ಅವ್ವನ ತಮ್ಮ ಸೋಮು ಮಾಮಾ. ನೂಲಿನ ವ್ಯಾಪಾರಕ್ಕೆ ಊರೂರು ತಿರುಗುವವನು.

ಹುಡುಗ ಆನಂದ ದಸರೆಗೆ ಮುಂಚೆಯೇ ನಮ್ಮ ಮನೆಗೆ ಬಂದು ಅಕ್ಕನನ್ನು ನೋಡಿದ್ದ. ಹಿರಿಯರು ಒಪ್ಪಿದ ಮೇಲೆ ಇಬ್ಬರೂ ಮಾಳಿಗೆಯ ಮೇಲೆ ಸ್ವಲ್ಪ ಹೊತ್ತು ಮಾತಾಡಿದರು. ಕೆಳಗಿಳಿದು ಬಂದ ಅಕ್ಕ ಆವತ್ತು ನನ್ನ ಹತ್ತಿರ ಹೇಳಿದ್ದು ಒಂದೇ ಮಾತು. ಉಳಿದವರೆಲ್ಲ ನಿನಗೇನು ಇಷ್ಟ ಎಂದು ಕೇಳಿದ್ದರಂತೆ, ಇವನು ನಿಮಗೇನು ಆಗುವುದಿಲ್ಲ ಎಂದು ಕೇಳಿದನಂತೆ. ಅದನ್ನು ಹೇಳುವಾಗ ಅವಳು ತೊಗರಿಬೇಳೆ ಆರಿಸುತ್ತಿದ್ದಳು. ಆರಿಸಿದ ಬೇಳೆಯನ್ನೇ ಮತ್ತೆ ಮೊರಕ್ಕೆ ಸುರಿದುಕೊಂಡು ಆರಿಸಿದಳು. ಈ ಮನೆ ತಪ್ಪಿದರೆ ಐದನೆಯದಕ್ಕೆ ಅವಳು ಕೂರುವುದಿಲ್ಲ ಎಂದು ನನಗೆ ಅಲ್ಲೇ ಗೊತ್ತಾಯಿತು.

ನಮ್ಮಲ್ಲಿ ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡುವ ಪದ್ಧತಿ ಉಂಟು. ಹುಡುಗಿ ಹೋಗುವುದಿಲ್ಲ. ಹೋದವರು ನೀರು ಕುಡಿಯಬಹುದು, ಚಹಾ ಕುಡಿಯಬಹುದು, ಏನನ್ನೂ ತಿನ್ನಬಾರದು. ಮನೆ ಮನಸ್ಸಿಗೆ ಬಂದರೆ ಕೊನೆಗೆ ಗಂಡಿನ ತಾಯಿ ಸಕ್ಕರೆಯ ತಾಟು ತರುತ್ತಾಳೆ. ಹೆಣ್ಣಿನ ಕಡೆಯ ಹಿರಿಯರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರೆ ಮಾತು ಮುಗಿಯಿತು. ಆಮೇಲೆ ಅದನ್ನು ಮುರಿಯುವವರಿಲ್ಲ. ಮುರಿದರೆ ಆ ಮನೆಯ ಮುಂದಿನ ಹೆಣ್ಣಿಗೂ ಯಾರೂ ಬರುವುದಿಲ್ಲ. ಅಂದರೆ ನನಗೆ.

ಹೊರಡುವ ಮುಂಚೆ ಅಕ್ಕ ನನ್ನನ್ನು ಬಾಗಿಲ ಹಿಂದೆ ಕರೆದಳು.

"ಏನ್ ನೋಡ್ತಿ ಅದನ್ನ ಬಂದು ಹೇಳು. ನಿನಗ ಅನಿಸಿದ್ದು ಬ್ಯಾಡ."

ಜಮಖಂಡಿ ದಾಟುವವರೆಗೆ ಎಲ್ಲ ಸರಿಯಿತ್ತು. ಬಾಡಿಗೆಯ ಕ್ರೂಸರಿನಲ್ಲಿ ದೊಡ್ಡಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಮುಂದೆ ಕೂತಿದ್ದರು. ಬೆಳಗಿನ ಪೂಜೆ ಮುಗಿಸಿ ಒಂದು ಲೋಟ ಚಹಾ ಕುಡಿದದ್ದು ಬಿಟ್ಟರೆ ಏನೂ ತಿಂದಿರಲಿಲ್ಲ. ಹನ್ನೊಂದಕ್ಕೆ ಮುಟ್ಟಿ, ಮನೆ ನೋಡಿ, ಮಧ್ಯಾಹ್ನದೊಳಗೆ ತಿರುಗಿ ಬಂದು ಮನೆಯಲ್ಲೇ ಉಣ್ಣುವುದೆಂದು ಅವರ ಲೆಕ್ಕ. ಆದರೆ ರಾತ್ರಿ ಸುರಿದ ಮಳೆಗೆ ದಾರಿಯ ಒಂದು ಹಳ್ಳ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಎರಡೂ ದಂಡೆಯಲ್ಲಿ ಬಸ್ಸು, ಟ್ರ್ಯಾಕ್ಟರ್, ಬೈಕು ನಿಂತುಬಿಟ್ಟಿದ್ದವು. ಪಕ್ಕದ ಹೊಲದಲ್ಲಿ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಅದರಾಚೆ ಹಿಂಗಾರಿ ಜೋಳಕ್ಕೆ ಹದ ಮಾಡಿದ್ದ ಎರೆ ನೆಲ ಕಾಲಿಟ್ಟರೆ ಮೊಣಕಾಲವರೆಗೆ ಹೂಳುವಷ್ಟು ನೆನೆದಿತ್ತು. ಬಿತ್ತಲು ಬಂದವರು ಕೂರಿಗೆಯನ್ನು ಬದುವಿಗೆ ಆನಿಸಿ ಬೀಡಿ ಸೇದುತ್ತ ಆಕಾಶ ನೋಡುತ್ತಿದ್ದರು.

ಆ ಹೊತ್ತಿನಲ್ಲಿ ನಾನು ಗಮನಿಸಿದ್ದು ಮಾಮಾನನ್ನು. ನೀರು ಇಳಿಯುವವರೆಗೆ ಅವನು ಮೂರು ಸಲ ದೂರ ಹೋಗಿ ಫೋನಿನಲ್ಲಿ ಮಾತಾಡಿದ. ಮೂರನೆಯ ಸಲ ವಾಪಸು ಬಂದಾಗ ದೊಡ್ಡಪ್ಪನಿಗೆ ರಾಹುಕಾಲದ ನೆನಪು ಮಾಡಿದ. ಭಾನುವಾರ ನಾಲ್ಕೂವರೆಗೆ ರಾಹುಕಾಲ ಹಿಡಿಯುತ್ತದೆ, ಅದರೊಳಗೆ ಸಕ್ಕರೆಯ ಶಾಸ್ತ್ರ ಮುಗಿಯಬೇಕು ಎಂದ. ಮನೆ ನೋಡುವುದಕ್ಕೆ ಮೊದಲೇ ಸಕ್ಕರೆಯ ಮಾತೇಕೆ ಎಂದು ದೊಡ್ಡಪ್ಪ ಕೇಳಿದರು. ಮಾಮಾ ನಕ್ಕ. ಮನೆ ನೋಡಿದರೆ ನೀವೇ ತಾಟು ಕೇಳಿ ತರಿಸುತ್ತೀರಿ ಎಂದ. ಅವನ ಬೆನ್ನಿನ ಅಂಗಿ ಒದ್ದೆಯಾಗಿತ್ತು. ಬಿಸಿಲೇನೂ ಇರಲಿಲ್ಲ.

ಬೀಳಗಿ ಮುಟ್ಟಿದಾಗ ಒಂದೂವರೆ. ಬೇಕರಿ ಊರೊಳಗಿನ ರಸ್ತೆಯಲ್ಲಿದೆ. ಮುಂದೆ ಗಾಜಿನ ಕಪಾಟುಗಳಲ್ಲಿ ಖಾರಿ, ಟೋಸ್ಟು, ನಾನಖಟಾಯಿ, ಕ್ರೀಮ್ ರೋಲು. ಹಿಂದೆ ಬ್ರೆಡ್ಡು ಬನ್ನು ಸುಡುವ ಕಟ್ಟಿಗೆಯ ಭಟ್ಟಿ. ಪಕ್ಕದ ಮೆಟ್ಟಿಲು ಹತ್ತಿದರೆ ಮನೆ. ಆನಂದನ ತಂದೆ ಮಾತು ಕಡಿಮೆಯ ಮನುಷ್ಯ, ಕೈ ಮುಗಿದು ನಗುವುದರಲ್ಲೇ ಎಲ್ಲ ಮುಗಿಸಿದರು. ತಾಯಿ ಎರಡೂ ಕೈಯಿಂದ ಅವ್ವನ ಕೈ ಹಿಡಿದುಕೊಂಡರು. ಆನಂದ ಬಂದು ನಮಸ್ಕಾರ ಮಾಡಿ, ಹಿಂದೆ ಒಂದು ಕೆಲಸ ನಡುವೆ ಬಿಡುವಂತಿಲ್ಲ, ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆಂದು ಕ್ಷಮೆ ಕೇಳಿ ಹೋದ. ದೊಡ್ಡಪ್ಪನಿಗೆ ಅದು ಹಿಡಿಸಿತು. ಮಾವನಾಗುವವರು ಬಂದರೂ ಕೆಲಸ ಬಿಡದವನು ಎಂದು ಅವ್ವನ ಕಡೆ ತಿರುಗಿ ತಲೆಯಾಡಿಸಿದರು.

ಊಟಕ್ಕೆ ಏಳಿರೆಂದು ಅವರು ಕರೆದರು, ನಾವು ಒಲ್ಲೆವೆಂದೆವು. ಮತ್ತೆ ಕರೆದರು, ಮತ್ತೆ ಒಲ್ಲೆವೆಂದೆವು. ಕೆಳಗಿನ ಭಟ್ಟಿಯಿಂದ ಬಿಸಿ ಬನ್ನಿನ ವಾಸನೆ ಮೆಟ್ಟಿಲೇರಿ ಬರುತ್ತಿತ್ತು. ಹಸಿದ ಹೊಟ್ಟೆಯಲ್ಲಿ ಬೇಕರಿಯ ಮೇಲೆ ಕೂತು ನೀರು ಕುಡಿಯುವುದು ಎಂಥ ಕೆಲಸವೆಂದು ಕೂತವರಿಗೇ ಗೊತ್ತು. ದೊಡ್ಡಪ್ಪ ಎರಡು ಸಲ ಚಹಾ ತರಿಸಿಕೊಂಡರು.

ಆಗ ಗಾಳಿ ತಿರುಗಿತು. ಹಿತ್ತಿಲ ಕಿಟಕಿಯಿಂದ ಬೇರೊಂದು ವಾಸನೆ ಬಂತು. ದೊಡ್ಡ ಹಂಡೆಯಲ್ಲಿ ಗೋಧಿ ಬೇಯುತ್ತಿರುವಂಥದ್ದು, ಬೆಚ್ಚಗೆ, ಸಿಹಿಯಾಗಿ. ಅವ್ವ ನನ್ನನ್ನು ನೋಡಿದಳು. ದೊಡ್ಡಪ್ಪ ಅವ್ವನ ಕಡೆ ಬಾಗಿ ಮೆಲ್ಲಗೆ ಹೇಳಿದರು:

"ಹುಗ್ಗಿ ಇಟ್ಟಾರ ಇವ್ರು. ಓಣಿಗೆಲ್ಲ ಆಗೂ ಅಷ್ಟು ಇಟ್ಟಾರ. ಉಣಿಸದ ಬಿಡೂದಿಲ್ಲ ನೋಡು."

ಉಣ್ಣದೆ ಎದ್ದು ಹೋದರೆ ಅಷ್ಟು ಅಡುಗೆ ಹಾಳು. ಉಂಡರೆ ಪದ್ಧತಿ ಹಾಳು. ಅವ್ವನಿಗೆ ಸಂಕಟವಾಯಿತು. ಹಿಂದೆ ಹೋಗಿ, ಅಡುಗೆ ಮಾಡುತ್ತಿರುವವರು ಯಾರೇ ಇರಲಿ, ಬೆಲ್ಲ ಹಾಕುವುದರೊಳಗೆ ಒಲೆ ಆರಿಸಲು ಹೇಳಿ ಬಾ ಎಂದು ನನ್ನನ್ನು ಕಳಿಸಿದಳು. ಮಾಮಾ ತಾನೇ ಹೋಗುತ್ತೇನೆಂದು ಅರ್ಧ ಎದ್ದ. ಹೆಂಗಸರ ಅಡುಗೆಮನೆಗೆ ನೀನ್ಯಾಕೆ ಎಂದು ದೊಡ್ಡಪ್ಪ ಕೂರಿಸಿದರು.

ನಾನು ವಾಸನೆಯ ಬೆನ್ನು ಹತ್ತಿ ಮೆಟ್ಟಿಲಿಳಿದೆ. ಭಟ್ಟಿ ದಾಟಿದೆ. ಹಿತ್ತಿಲ ಕೊನೆಗೆ ಎತ್ತರದ ಗೋಡೆ, ಅದರಲ್ಲೊಂದು ಕಬ್ಬಿಣದ ಬಾಗಿಲು ಅರ್ಧ ತೆರೆದಿತ್ತು. ಅದರಾಚೆ ಅಡುಗೆಮನೆ ಇರಲಿಲ್ಲ. ತಗಡಿನ ದೊಡ್ಡ ಶೆಡ್ಡು, ತೊಳೆದ ನೆಲ, ಸಾಲಾಗಿ ನಿಂತ ಸ್ಟೀಲಿನ ಟಾಕಿಗಳು. ಒಂದು ಪಾತ್ರೆಯ ಬಾಯಿಂದ ಹಬೆ ಏಳುತ್ತಿತ್ತು. ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡ ಆನಂದ ಅದರ ಕೆಳಬಾಗಿಲಿನಿಂದ ಬೆಂದ ಕಾಳನ್ನು ಸಲಿಕೆಯಿಂದ ಎಳೆದು ಬುಟ್ಟಿಗೆ ತುಂಬುತ್ತಿದ್ದ. ಶೆಡ್ಡಿನ ಆಚೆಯ ಬಾಗಿಲಿನಿಂದ ಒಂದು ಹೋಟೆಲಿನ ಹಿಂಭಾಗ ಕಾಣುತ್ತಿತ್ತು. ಆ ಹೋಟೆಲಿನ ಮುಖ ಊರಹೊರಗಿನ ದೊಡ್ಡ ರಸ್ತೆಗೆ. ಬೇಕರಿಯ ಕಡೆಯಿಂದ ಬಂದವರಿಗೆ ಅದು ಇರುವುದೇ ತಿಳಿಯುವುದಿಲ್ಲ.

ನನ್ನನ್ನು ನೋಡಿ ಅವನು ಸಲಿಕೆ ಊರಿ ನಿಂತ. ಹೆದರಿದಂತೆ ಕಾಣಲಿಲ್ಲ. ಖುಷಿಯಾದಂತೆ ಕಂಡ.

"ಬರ್ರಿ. ಮಾಮಾರು ಕಳಿಸಿದ್ರೇನು, ನೋಡಿ ಬಾ ಅಂತ?"

ಇದೇನು ಎಂದು ಕೇಳಿದೆ. ಬಿಯರ್ ಎಂದ, ನಮ್ಮಲ್ಲಿ ಸೀರೆ ಎಂದಷ್ಟೇ ಸಹಜವಾಗಿ. ಪರವಾನಗಿ ಗೋಡೆಗೆ ನೇತುಹಾಕಿತ್ತು, ಅದನ್ನೂ ತೋರಿಸಿದ. ಬಾರ್ಲಿ, ಗೋಧಿ ಕಾಳನ್ನು ಮೊಳಕೆ ಬರಿಸಿ ಒಣಗಿಸಿದ್ದನ್ನು ಹೊರಗಿನಿಂದ ತರಿಸುತ್ತಾರೆ, ಇಲ್ಲಿ ಒಡೆದು ಬಿಸಿನೀರಿನಲ್ಲಿ ನೆನೆಸುತ್ತಾರೆ, ಸಿಹಿನೀರು ಬಸಿದು ಟಾಕಿಗೆ ಹೋಗುತ್ತದೆ, ಅಲ್ಲಿ ಹುಳಿ ಬರುತ್ತದೆ. ಅದನ್ನು ಮಾರುವ ಹೋಟೆಲು ಗೆಳೆಯನದು, ಈ ಶೆಡ್ಡು ತನ್ನದು. ಉಳಿದ ಕಾಳಿನಲ್ಲಿ ಸ್ವಲ್ಪ ಬ್ರೆಡ್ಡಿಗೆ ಹೋಗುತ್ತದೆ, ಮಿಕ್ಕದ್ದು ಎಮ್ಮೆಗಳಿಗೆ. ಒಮ್ಮೆ ಶುರು ಮಾಡಿದರೆ ನಡುವೆ ನಿಲ್ಲಿಸುವಂತಿಲ್ಲ, ನೀವು ಬಂದು ಹೋದ ಮೇಲೆ ಇಡಬೇಕೆಂದಿದ್ದೆ, ಹಳ್ಳ ತುಂಬಿ ತಡವಾಗುತ್ತದೆಂದು ಮಾಮಾರ ಫೋನ್ ಬಂದ ಮೇಲೆ ಇಟ್ಟುಬಿಟ್ಟೆ ಎಂದ. ಹೇಳುತ್ತ ಹೇಳುತ್ತ ನನ್ನ ಮುಖ ನೋಡಿ ನಿಧಾನವಾದ.

"ಮಾಮಾರಿಗೆ ಮೊದಲ ದಿನಾನ ಹೇಳೇನಲ್ರಿ. ಮನ್ಯಾಗ ಎಲ್ಲಾರಿಗೂ ತಿಳಿಸೇನಿ, ಚಿಂತಿ ಬ್ಯಾಡ ಅಂದಿದ್ರು."

"ಯಾರಿಗೂ ಗೊತ್ತಿಲ್ರಿ."

"ನಿಮ್ಮ ಅಕ್ಕಾರಿಗೆ?"

"ಅಕ್ಕಗೂ ಗೊತ್ತಿಲ್ಲ."

ಅವನು ಮೊದಲು ಕೇಳಿದ್ದು ಅಕ್ಕನ ಬಗ್ಗೆ. ದೊಡ್ಡಪ್ಪನ ಬಗ್ಗೆ ಕೇಳಿದ್ದು ಆಮೇಲೆ. ಹೇಳಬೇಕಾದದ್ದನ್ನು ಹೇಳಿದೆ. ನಮ್ಮ ಓಣಿಯ ಬಾಯಿಗೆ ಒಂದು ದಾರು ಅಂಗಡಿ ಇತ್ತು. ಅದನ್ನು ಎತ್ತಿಸಬೇಕೆಂದು ಹೆಂಗಸರು ರಸ್ತೆಯ ಮೇಲೆ ಕೂತಾಗ ಗಂಡಸರಲ್ಲಿ ಮೊದಲು ಬಂದು ಪಕ್ಕದಲ್ಲಿ ಕೂತವರು ದೊಡ್ಡಪ್ಪ. ಅಂಗಡಿ ಹೋಯಿತು. ಅಂದಿನಿಂದ ಓಣಿಯ ಪಂಚರ ಕಮಿಟಿಗೆ ಅವರೇ ಹಿರಿಯರು. ಯಾರ ಮನೆಯಲ್ಲಿ ಗಂಡ ಕುಡಿದು ಬಂದರೂ ಹೆಂಗಸರು ನಮ್ಮ ಕಟ್ಟೆಗೆ ಬರುತ್ತಾರೆ.

ಆನಂದ ಸಲಿಕೆಯನ್ನು ಗೋಡೆಗೆ ಆನಿಸಿದ. ಅದು ಜಾರಿ ಬಿತ್ತು, ಎತ್ತಲಿಲ್ಲ.

"ನಾ ಈಗ ಏನ್ ಮಾಡಬೇಕ್ರಿ?"

"ನನಗ ಕೇಳಬ್ಯಾಡ್ರಿ. ನಾ ನೋಡಾಕ ಬಂದಾಕಿ."

ಅಷ್ಟು ಹೇಳಿ ತಿರುಗಿದೆ. ಭಟ್ಟಿಯ ಹತ್ತಿರ ಬರುವಾಗ ಮಾಮಾನ ಲೆಕ್ಕ ನನಗೆ ಪೂರ್ತಿ ಅರ್ಥವಾಯಿತು. ದೊಡ್ಡಪ್ಪ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಸತ್ತರೂ ಮಾತು ತಪ್ಪುವವರಲ್ಲ. ಅದರೊಳಗೆ ಯಾರೂ ಬಾಯಿ ಬಿಡದಿದ್ದರೆ ಸಾಕು, ಆಮೇಲೆ ಗೊತ್ತಾದರೆ ಗೊತ್ತಾಗಲಿ. ಹುಡುಗನನ್ನು ಮಾಮಾ ಮೆಚ್ಚಿದ್ದ, ಅಕ್ಕನ ವಯಸ್ಸಿನ ಚಿಂತೆ ಅವನಿಗೂ ಇತ್ತು. ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ನಮ್ಮವರಿಗೆ ತಿಳಿದಿಲ್ಲ ಎಂಬುದು ಈಗ ಗೊತ್ತಿದ್ದವರು ಮೂವರು, ಮಾಮಾ, ಆನಂದ, ನಾನು. ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಮೂವರೂ ಇನ್ನೊಂದು ತಾಸು ಸುಮ್ಮನಿದ್ದರೆ ಅಕ್ಕನ ಮದುವೆ ನಿಶ್ಚಯ.

ಮೇಲೆ ಹೋದರೆ ಇನ್ನೊಂದು ಆಗಿಹೋಗಿತ್ತು. ಆನಂದನ ತಾಯಿಗೆ ನಮ್ಮ ಹಸಿವು ಕಂಡಿರಬೇಕು. ಸಿಹಿ ಬೇಡ, ಊಟ ಬೇಡ ಎಂದರೆ ಬೇಡ, ಚಹಾದ ಜೊತೆ ಎರಡು ತುಂಡು ಬ್ರೆಡ್ಡಾದರೂ ಆಗಲಿ ಎಂದು ತಾಟು ಮುಂದಿಟ್ಟಿದ್ದರು. ಕಂದು ಬಣ್ಣದ ಬ್ರೆಡ್ಡು, ಅಲ್ಲಲ್ಲಿ ಕಾಳಿನ ಸಿಪ್ಪೆ ಕಾಣುವಂಥದ್ದು. ಅವ್ವ ಮುಟ್ಟಿರಲಿಲ್ಲ. ದೊಡ್ಡಪ್ಪ ಒಂದು ತುಂಡು ಚಹಾದಲ್ಲಿ ಅದ್ದಿ ಅರ್ಧ ತಿಂದು ಆಗಿತ್ತು. ಅವ್ವ ಕಣ್ಣು ಬಿಟ್ಟು ನೋಡುತ್ತಿದ್ದರೆ ಅವರು ಅವಳಿಗೇ ಬುದ್ಧಿ ಹೇಳಿದರು:

"ಬ್ರೆಡ್ಡಂದ್ರ ಉಂಡಂಗಲ್ಲವ್ವ. ಜ್ವರ ಬಂದವ್ರು ತಿನ್ನೂದು ಅದು."

ನಮ್ಮ ಕಡೆ ಹಾಗೆಯೇ. ಆಸ್ಪತ್ರೆಗೆ ರೋಗಿಯನ್ನು ನೋಡಲು ಹೋಗುವಾಗ ಒಯ್ಯುವುದು ಬ್ರೆಡ್ಡು. ಅದನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬ್ರೆಡ್ಡು ಭಾಳ ಛಲೋ ಐತಿ, ಗೋಧಿ ತವುಡು ಹಾಕೀರೇನು ಎಂದು ದೊಡ್ಡಪ್ಪ ಕೇಳಿದರು. ಹಿಂದಿನ ಶೆಡ್ಡಿನ ಕಾಳು ಎಂದು ಆ ತಾಯಿ ಹೆಮ್ಮೆಯಿಂದ ಹೇಳಿದರು. ಅವರೂ ನಮಗೆಲ್ಲ ಗೊತ್ತಿದೆ ಎಂದೇ ತಿಳಿದಿದ್ದರು. ಮಾಮಾ ಥಟ್ಟನೆ ಜೋಳದ ಪೇಟೆಯ ಮಾತು ತೆಗೆದ.

ಹುಗ್ಗಿ ಏನಾಯಿತೆಂದು ಅವ್ವ ಪಿಸುಗುಟ್ಟಿದಳು. ಹುಗ್ಗಿ ಅಲ್ಲ, ಕಾಳು ಬೇಯಿಸುತ್ತಿದ್ದಾರೆ ಎಂದೆ. ಅದು ಸುಳ್ಳಾಗಿರಲಿಲ್ಲ. ಅವಳ ಪಕ್ಕದಲ್ಲಿ ಕೂತೆ. ಮಾಮಾ ನನ್ನನ್ನೇ ನೋಡುತ್ತಿದ್ದ. ನನಗೆ ಗೊತ್ತಾಗಿದೆ ಎಂಬುದು ಅವನಿಗೆ ಗೊತ್ತಾಯಿತು. ಅವನು ಕೈ ಮುಗಿಯಲಿಲ್ಲ, ಕಣ್ಣಿನಲ್ಲೇ ಮುಗಿದ.

ನಾಲ್ಕು ಗಂಟೆಯಾಯಿತು. ಆನಂದ ಬರಲಿಲ್ಲ. ಶೆಡ್ಡಿನಲ್ಲಿ ಸಲಿಕೆಯ ಸಪ್ಪಳವೂ ನಿಂತಿತ್ತು. ಅವನು ಬರದೇ ಇದ್ದರೆ? ಸಕ್ಕರೆ ಆಗುವವರೆಗೆ ಕೆಲಸದ ನೆಪದಲ್ಲಿ ಹಿಂದೆಯೇ ಉಳಿದುಬಿಟ್ಟರೆ? ಆಗ ನಾನು ಏನು ಮಾಡಬೇಕು? ಎದ್ದು ನಿಂತು ಹೇಳಬೇಕೆಂದು ಒಂದು ಸಲ ಅನಿಸಿತು. ಅಕ್ಕ ಬೇಳೆ ಆರಿಸುತ್ತಿದ್ದದ್ದು ಕಣ್ಣ ಮುಂದೆ ಬಂತು, ಕೂತೇ ಇದ್ದೆ. ಸಂಡಾಸಕ್ಕೆ ಹೋಗುವ ನೆಪದಲ್ಲಿ ಅಕ್ಕನಿಗೆ ಫೋನ್ ಮಾಡಲೇ ಎಂದುಕೊಂಡೆ. ಮಾಡಿದರೆ ಅವಳು ಒಂದು ಉತ್ತರ ಕೊಡಬೇಕಾಗುತ್ತಿತ್ತು, ಆ ಉತ್ತರದ ಭಾರ ಅವಳ ಮೇಲೆ ಜೀವಮಾನವಿಡೀ ಇರುತ್ತಿತ್ತು. ಮಾಡಲಿಲ್ಲ.

ಆನಂದನ ತಾಯಿ ಒಳಗಿನಿಂದ ತಾಟು ತಂದು ನಡುವೆ ಇಟ್ಟರು. ಅರಿಶಿನ, ಕುಂಕುಮ, ಎಲೆ ಅಡಿಕೆ, ಬೆಳ್ಳಿಯ ಬಟ್ಟಲಲ್ಲಿ ಸಕ್ಕರೆ. ಹುಡುಗನನ್ನು ಕಾಯುವುದೇನು, ಹೊತ್ತು ಮೀರುತ್ತದೆ ಎಂದ ಮಾಮಾ. ದೊಡ್ಡಪ್ಪನ ಎಡಗೈಯಲ್ಲಿ ಇನ್ನೂ ಆ ಅರ್ಧ ತುಂಡು ಬ್ರೆಡ್ಡು. ಮಾತಿನ ಭರದಲ್ಲಿ ಮರೆತಿದ್ದರು. ಅದನ್ನು ಚಹಾ ಕಪ್ಪಿನ ಕೆಳಗಿನ ಬಸಿಯಲ್ಲಿಟ್ಟು ಬಲಗೈ ಒರೆಸಿಕೊಂಡರು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಆನಂದ ಅಂಗಿ ಬದಲಿಸಿ ಬಂದಿದ್ದ. ಬೂಟು ತೆಗೆದಿದ್ದ ಕಾಲುಗಳು ಒದ್ದೆಯಾಗಿದ್ದವು. ಚಾಪೆಯ ಮೇಲೆ ಕೂರಲಿಲ್ಲ.

"ದೊಡ್ಡಪ್ಪಾರ, ಸಕ್ರಿ ಹಾಕ್ಕೊಳ್ಳೋಕಿಂತ ಮುಂಚೆ ಒಂದ್ ಮಾತು ಹೇಳಬೇಕ್ರಿ."

ಆಮೇಲೆ ಆಗಬಹುದು ಎಂದ ಮಾಮಾ. ಈಗಲೇ ಆಗಬೇಕು ಎಂದ ಆನಂದ. ನಿಂತುಕೊಂಡೇ ಹೇಳಿದ. ಬೇಕರಿ ಅಪ್ಪಂದು, ತನ್ನ ಕಸುಬು ಹಿಂದಿನ ಶೆಡ್ಡಿನಲ್ಲಿ, ಅಲ್ಲಿ ಬಿಯರ್ ತಯಾರಾಗುತ್ತದೆ. ಮುಚ್ಚಿಟ್ಟದ್ದಲ್ಲ, ನಿಮಗೆ ತಿಳಿದಿದೆ ಎಂದುಕೊಂಡಿದ್ದೆ, ತಿಳಿದಿಲ್ಲವೆಂದು ಈಗ ಗೊತ್ತಾಯಿತು. ಯಾರಿಂದ ಗೊತ್ತಾಯಿತೆಂದು ಹೇಳಲಿಲ್ಲ. ಅವನ ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ತಂದೆಯ ನಗು ಮುಖದ ಮೇಲೆ ಹಾಗೇ ನಿಂತಿತು.

ದೊಡ್ಡಪ್ಪ ಯಾರನ್ನೂ ಬೈಯಲಿಲ್ಲ. ಬಸಿಯತ್ತ ಕೈ ಮಾಡಿದರು.

"ಇದು?"

"ಅದರ ಕಾಳಿಂದರಿ. ಅಮಲು ಬರೋ ಮುಂಚೇನ ತೆಗದಿದ್ದು, ಇದರಾಗ ಏನೂ ಇರೂದಿಲ್ಲ. ಆದ್ರ ಅದ ಕಾಳು, ಖರೆ."

ನನಗೆ ಹೆದರಿಕೆಯಾದದ್ದು ಆಗ. ದೊಡ್ಡಪ್ಪ ಎದ್ದು ಹೋದರೆ ಮುಗಿಯಿತು, ಆ ತುಂಡನ್ನು ಕಿಟಕಿಯಾಚೆ ಎಸೆದರೆ ಇನ್ನೂ ಕೆಟ್ಟದಾಗಿ ಮುಗಿಯಿತು. ಆದರೆ ನಮ್ಮ ಮನೆಯಲ್ಲಿ ತಾಟಿನಲ್ಲಿ ಒಂದು ಅಗುಳು ಬಿಟ್ಟರೂ ದೊಡ್ಡಪ್ಪ ಒಪ್ಪುವುದಿಲ್ಲ. ಚಿಕ್ಕಂದಿನಲ್ಲಿ ನಾನು ಬಿಟ್ಟ ರೊಟ್ಟಿಯ ಅಂಚನ್ನು ಅವರೇ ಎತ್ತಿ ತಿನ್ನುತ್ತಿದ್ದರು. ಎಂಜಲಾದ ಅನ್ನ ಇನ್ನೊಬ್ಬರಿಗೆ ಕೊಡುವಂತಿಲ್ಲ, ಚೆಲ್ಲುವಂತಿಲ್ಲ, ಮುಟ್ಟಿದವನೇ ಮುಗಿಸಬೇಕು.

ಅವರು ಆ ಅರ್ಧ ತುಂಡನ್ನು ಎತ್ತಿಕೊಂಡರು. ಚಹಾ ಆರಿತ್ತು, ಅದ್ದಲಿಲ್ಲ. ಸಣ್ಣ ಸಣ್ಣದಾಗಿ ಮುರಿದು ಒಂದೊಂದನ್ನೇ ಬಾಯಿಗಿಟ್ಟು ಅಗಿದರು. ನಾವೆಲ್ಲ ನೋಡುತ್ತ ಕೂತೆವು. ಆನಂದ ನಿಂತೇ ಇದ್ದ. ಅಷ್ಟು ನಿಧಾನವಾಗಿ ಬ್ರೆಡ್ಡು ತಿಂದವರನ್ನು ನಾನು ಹಿಂದೆ ಕಂಡಿಲ್ಲ, ಮುಂದೆ ಕಾಣುವುದೂ ಇಲ್ಲ. ಕೊನೆಗೆ ಬಸಿ ಮೇಲೆ ಉದುರಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದು, ನೀರು ಕುಡಿದು, ಎದ್ದರು. ಸಕ್ಕರೆಯ ಬಟ್ಟಲನ್ನು ಮುಟ್ಟಲಿಲ್ಲ.

"ಮನಿಗೆ ಹೋಗಿ ತಿಳಸ್ತೀವ್ರಿ."

ನಮ್ಮ ಕಡೆ ಯಾರೂ ಮುಖದ ಮೇಲೆ ಇಲ್ಲವೆನ್ನುವುದಿಲ್ಲ. ಇದೇ ಇಲ್ಲವೆನ್ನುವ ರೀತಿ.

ಗಾಡಿ ಹತ್ತುವಾಗ ದೊಡ್ಡಪ್ಪ ಮಾಮಾನಿಗೆ ನೀ ಮುಂದ ಕುಂದ್ರು ಎಂದರು. ಹಿಂದೆ ಬಂದು ಅವ್ವನ ಎದುರು ಕೂತರು. ಸಕ್ಕರೆ ಆದ ಮೇಲೆ ಹೇಳಬೇಕೆಂದಿದ್ದೆ ಎಂದು ಮಾಮಾ ಗಾಜಿನ ಕಡೆಗೇ ಮುಖ ಮಾಡಿ ಹೇಳಿದ. ಹಳ್ಳದಲ್ಲಿ ನೀರು ಪೂರ್ತಿ ಇಳಿದು ಸೇತುವೆಯ ಮೇಲೆ ಕೆಸರು ಮಾತ್ರ ಉಳಿದಿತ್ತು. ಜಮಖಂಡಿ ಬಂದಾಗ ಮಾಮಾ ಇಲ್ಲಿ ಕೆಲಸವಿದೆಯೆಂದು ಇಳಿದುಕೊಂಡ.

ಮನೆಯಲ್ಲಿ ಅಕ್ಕ ಕಾಯುತ್ತಿದ್ದಳು. ನೋಡಿದ್ದನ್ನೆಲ್ಲ ಹೇಳಿದೆ, ಕಬ್ಬಿಣದ ಬಾಗಿಲಿನಿಂದ ಬ್ರೆಡ್ಡಿನ ಪುಡಿಯವರೆಗೆ. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದಳು.

"ಅವ ಹೇಳಿದ್ದು ಸಕ್ರಿ ತಾಟು ಬಂದ ಮ್ಯಾಲೇನು, ಮೊದಲೇನು?"

ತಾಟು ಬಂದಿತ್ತು, ದೊಡ್ಡಪ್ಪನ ಕೈ ಬಟ್ಟಲಿಗೆ ಹೋಗಿರಲಿಲ್ಲ ಎಂದೆ. ಅಷ್ಟು ತಡ ಯಾಕೆ ಮಾಡಿದ ಎಂದು ಅವಳು ಕೇಳುತ್ತಾಳೆಂದು ನಾನು ಕಾದೆ. ಆ ಅರ್ಧ ತಾಸು ಅವನು ಶೆಡ್ಡಿನಲ್ಲಿ ಏನು ಮಾಡುತ್ತಿದ್ದ ಎಂಬುದು ನನಗೆ ಗೊತ್ತಿಲ್ಲ, ನೋಡಿದ್ದಿಲ್ಲ. ಅವಳು ಕೇಳಲಿಲ್ಲ. ಆ ರಾತ್ರಿ ಅನ್ನ ಕಲಸಿ ಕೂತಳು, ಉಂಡಳೋ ಇಲ್ಲವೋ.

ದೀಪಾವಳಿಗೆ ಎರಡು ದಿನ ಇರುವಾಗ ಬೀಳಗಿಯಿಂದ ಫೋನ್ ಬಂತು. ಆನಂದನ ತಾಯಿ. ಮುಂದಿನ ಶಾಸ್ತ್ರಕ್ಕೆ ಯಾವಾಗ ಬರಬೇಕೆಂದು ಅವ್ವನನ್ನು ಕೇಳುತ್ತಿದ್ದರು. ಅವ್ವ ತಬ್ಬಿಬ್ಬಾಗಿ ಫೋನನ್ನು ಜೋರು ದನಿಗೆ ಹಾಕಿ ಪಡಸಾಲೆಯ ನಡುವೆ ಇಟ್ಟಳು.

"ನಿಮ್ಮ ಹಿರ್‍ಯಾರು ಗೊತ್ತಾದ ಮ್ಯಾಲೂ ನಮ್ಮನಿ ಬ್ರೆಡ್ ತಿಂದಾರಲ್ರಿ, ಪುಡಿ ಸೈತ ಬಿಡಲಿಲ್ಲ. ಅದಕ್ಕಿಂತ ಒಪ್ಪಿಗಿ ಬ್ಯಾರೆ ಯಾವುದೈತ್ರಿ?"

ದೊಡ್ಡಪ್ಪ ಎದ್ದು ನಿಂತರು. ಚೆಲ್ಲಬಾರದೆಂದು ತಿಂದದ್ದು, ಒಪ್ಪಿ ತಿಂದದ್ದಲ್ಲ ಎಂದು ಫೋನಿಗಲ್ಲ, ನಮಗೆ ಹೇಳಿದರು. ಅಷ್ಟರಲ್ಲಿ ಆ ಕಡೆ ಫೋನ್ ಇಟ್ಟಾಗಿತ್ತು. ಹಬ್ಬ ಬಂತು. ಪಣತಿ ಹಚ್ಚಿದೆವು, ಪಟಾಕಿ ತರಲಿಲ್ಲ. ಮಗ್ಗದ ಸಪ್ಪಳ ನಿಂತಾಗಲೆಲ್ಲ ಎಲ್ಲರೂ ತಲೆಯೆತ್ತುತ್ತಿದ್ದೆವು.

ಪಾಡ್ಯದ ದಿನ ದೊಡ್ಡಪ್ಪ ಊಟಕ್ಕೆ ಕೂತಾಗ ಅಕ್ಕ ತಾನೇ ಬಡಿಸಲು ಬಂದಳು. ಹೋಳಿಗೆ ಹಾಕಿದಳು, ತುಪ್ಪ ಹಾಕಿದಳು, ಅಲ್ಲೇ ಕೂತಳು.

"ದೊಡ್ಡಪ್ಪಾ, ಗೊತ್ತಿಲ್ಲದ ತಿಂದದ್ದು ಎಷ್ಟ್ರಿ?"

ಅವರು ತಲೆಯೆತ್ತಲಿಲ್ಲ. "ಅರ್ಧ."

"ಗೊತ್ತಾದ ಮ್ಯಾಲೆ?"

"ಅದೂ ಅರ್ಧ."

"ಹಂಗಾರ ನಿಮ್ಮ ಕಡೆಯಿಂದ ಅರ್ಧ ಒಪ್ಪಿಗಿ ಆತು. ಉಳಿದ ಅರ್ಧ ನಂದು. ನಾ ಕೊಟ್ಟೇನಿ."

ಅವ್ವ ಬಾಗಿಲಲ್ಲಿ ನಿಂತವಳು ಗೋಡೆ ಹಿಡಿದುಕೊಂಡಳು. ದೊಡ್ಡಪ್ಪ ಹೋಳಿಗೆ ಮುಗಿಸಿದರು. ತಾಟಿನಲ್ಲಿ ಏನೂ ಬಿಡಲಿಲ್ಲ. ಕೈ ತೊಳೆದು ಬಂದು, ನಿಂತುಕೊಂಡೇ, ಲಗ್ನ ಬನಹಟ್ಟಿಯಲ್ಲೇ ಆಗಬೇಕು, ಬೀಳಗಿಯಲ್ಲಲ್ಲ ಎಂದರು. ಅಕ್ಕ ಆಗಲಿ ಎಂದಳು. ಅವಳು ಅತ್ತದ್ದು ಆಮೇಲೆ, ಮಾಳಿಗೆಯಲ್ಲಿ, ನನ್ನ ಮುಂದೆ.

ಮರುದಿನ ದೊಡ್ಡಪ್ಪ ಓಣಿಯ ಪಂಚರನ್ನು ನಮ್ಮ ಕಟ್ಟೆಗೆ ಕರೆಸಿದರು. ಬೇರೆಯವರನ್ನು ಹಿರಿಯರನ್ನಾಗಿ ಮಾಡಿಕೊಳ್ಳಿ ಎಂದರು. ಯಾಕೆಂದು ಕೇಳಿದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಬೀಳಗಿಯ ಶೆಡ್ಡಿನ ಸಮೇತ. ಅದಕ್ಕೂ ಇದಕ್ಕೂ ಏನು ಸಂಬಂಧ, ಪರವಾನಗಿ ಇರುವ ಕಸುಬು, ನಿಮ್ಮ ಮನೆಯಲ್ಲೇನೂ ಕುಡಿಯುತ್ತಿಲ್ಲವಲ್ಲ ಎಂದು ಒಬ್ಬಿಬ್ಬರು ಅಂದರು. ಬಾಯಿ ಒಂದು ಕಡೆ, ಕುರ್ಚಿ ಒಂದು ಕಡೆ ಆಗಬಾರದು ಎಂದರು ದೊಡ್ಡಪ್ಪ. ಓಣಿಯ ಹೆಂಗಸರು ಈಗಲೂ ನಮ್ಮ ಕಟ್ಟೆಯ ಮುಂದೆ ಹಾಯುತ್ತಾರೆ, ದೊಡ್ಡಪ್ಪ ಕಂಡರೆ ಸೆರಗು ಸರಿಮಾಡಿಕೊಂಡು ನಿಲ್ಲುತ್ತಾರೆ. ಆದರೆ ಜಗಳ ಹೇಳಿಕೊಂಡು ಹೋಗುವುದು ಈಗ ನಮ್ಮಿಂದ ಮೂರನೆಯ ಮನೆಗೆ, ಹೊಸ ಹಿರಿಯರ ಹತ್ತಿರ.

ಲಗ್ನ ಮಾಘದಲ್ಲಿ ಆಯಿತು. ಅಕ್ಕ ಈಗ ಬೀಳಗಿಯ ಶಾಲೆಯಲ್ಲಿ ಕಲಿಸುತ್ತಾಳೆ, ಸಂಜೆ ಬೇಕರಿಯಲ್ಲಿ ಹಣ ತೆಗೆದುಕೊಳ್ಳುವ ಗಲ್ಲೆಯ ಮೇಲೆ ಕೂರುತ್ತಾಳೆ, ಕಬ್ಬಿಣದ ಬಾಗಿಲಿನಾಚೆ ಹೋಗುವುದಿಲ್ಲ. ಅದು ಅವರಿಬ್ಬರ ನಡುವಿನ ಮಾತಂತೆ. ಆನಂದ ಹಬ್ಬಕ್ಕೆ ಬಂದಾಗ ದೊಡ್ಡಪ್ಪ ಅವನ ಪಕ್ಕದಲ್ಲೇ ಕೂತು ಉಣ್ಣುತ್ತಾರೆ, ಮಗ್ಗದ ಮಾತಾಡುತ್ತಾರೆ, ಕಸುಬಿನ ಮಾತು ತೆಗೆಯುವುದಿಲ್ಲ. ಬೀಳಗಿಗೆ ಮಾತ್ರ ಆಮೇಲೆ ಒಮ್ಮೆಯೂ ಹೋಗಿಲ್ಲ.

ಒಂದು ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ದೊಡ್ಡಪ್ಪ ಇಂದಿಗೂ ಒಪ್ಪಿಗೆ ಕೊಟ್ಟವಳು ಸುಧಾ, ನಾನಲ್ಲ ಎನ್ನುತ್ತಾರೆ. ಅಕ್ಕನ ಅತ್ತೆ, ಕೊಟ್ಟವರು ಅವರೇ, ನಾನು ಕಣ್ಣಾರೆ ಕಂಡಿದ್ದೇನೆ ಎನ್ನುತ್ತಾರೆ. ನಾನು ನಮ್ಮ ಓಣಿಯಲ್ಲೂ ಜಮಖಂಡಿಯಲ್ಲೂ ಹಿರಿಯರನ್ನು ಕೇಳಿದೆ. ಸಕ್ಕರೆ, ಬೆಲ್ಲ, ಉಪ್ಪು ಹಾಕಿದ ಅನ್ನ ಇವುಗಳ ಬಗ್ಗೆ ಎಲ್ಲರಲ್ಲೂ ಉತ್ತರವಿದೆ, ಬ್ರೆಡ್ಡಿನ ಬಗ್ಗೆ ಯಾರಲ್ಲೂ ಇಲ್ಲ. ಮುಧೋಳ, ಬೀಳಗಿ, ಅನಗವಾಡಿಯ ಕಡೆ, ಅಥವಾ ಬೇರೆ ಎಲ್ಲೇ ಆಗಲಿ, ಮನೆ ನೋಡಲು ಹೋದ ಹಿರಿಯರು ಹೀಗೆ ಏನನ್ನಾದರೂ ತಿಂದು, ಅದು ಒಪ್ಪಿಗೆಯೋ ಅಲ್ಲವೋ ಎಂದು ತೀರ್ಮಾನವಾದದ್ದು ನಿಮಗೆ ತಿಳಿದಿದ್ದರೆ, ಯಾವ ಊರು, ಯಾರು ತೀರ್ಮಾನಿಸಿದರು ಎಂಬುದರ ಸಮೇತ ಈ ಪತ್ರಿಕೆಗೆ ಬರೆದು ಕಳಿಸಿ. ಯಾರ ಪರವಾಗಿ ಬಂದರೂ ಸರಿ. ಓದಿ ಹೇಳು, ಕೇಳುತ್ತೇನೆ ಎಂದು ದೊಡ್ಡಪ್ಪ ಮಾತು ಕೊಟ್ಟಿದ್ದಾರೆ.